ಹಾಸಿಗೆಯ ಅಡಿ

ಛಾವಣಿ ಸೋರುತ್ತಿದೆ ಅಂದರು.
ಹಾಸನದ ಬಿ.ಎಂ. ರಸ್ತೆ, ನನ್ನ ಕುಶನ್ ಅಂಗಡಿ ಮುಂದೆ
ಆ ಬಿಳಿ ಟೆಂಪೋ ಟ್ರಾವೆಲರ್ ನಿಂತಾಗ
ಬಸ್ಸಿನ ಸೀಟು ಹೊಲಿಯುವ ಸೂಜಿ ಇನ್ನೂ ಬಾಯಲ್ಲೇ ಇತ್ತು ನನಗೆ.

ಇಳಿದವರು ಜಿನದತ್ತ, ಸರ್ವೆ ಇಲಾಖೆಯಿಂದ ರಿಟೈರಾದವರು,
ಜೇಬಿನಲ್ಲಿ ಇನ್ನೂ ಟೇಪು.
ವಿಮಲಮ್ಮ ಇಳಿಯಲಿಲ್ಲ. ಮುಂದಿನ ಸೀಟಲ್ಲೇ
ಮಡಿಲಿಗೆ ಪೇಪರು ಹರಡಿ ಕಡಲೆಕಾಯಿ ಬಿಡಿಸುತ್ತಿದ್ದರು.

ಗಾಡಿಯೊಳಗೆ ಒಲೆ, ಸಿಂಕು, ಮಡಚುವ ಮೇಜು,
ಹಿಂದೆ ಮಂಚ. ಮಂಚವೆಂದರೆ ಪ್ಲೈವುಡ್ ಪೆಟ್ಟಿಗೆ,
ಮೇಲೆ ಆರಿಂಚು ಫೋಮು.
"ಮೂರು ಸಲ ಸಿಲಿಕಾನ್ ಬಳಿಸಿದೆ.
ಮುಳ್ಳಯ್ಯನಗಿರಿ ತಪ್ಪಲಲ್ಲಿ ನಾಲ್ಕು ರಾತ್ರಿ ಇದ್ದೆವು,
ಮಳೆ ಒಂದು ಹನಿಯಿಲ್ಲ,
ಹಾಸಿಗೆ ಮಾತ್ರ ಒದ್ದೆ."

ಫೋಮು ಎತ್ತಿದೆ.
ಮುಗ್ಗಲು ವಾಸನೆ ಮೊದಲು ಎದ್ದಿತು, ಬೆಳಕು ಆಮೇಲೆ ಬಿತ್ತು.
ಎಳ್ಳು ಚೆಲ್ಲಿದ ಹಾಗೆ ಕಪ್ಪು ಬೂಷ್ಟು.
ಚೆಲ್ಲಾಪಿಲ್ಲಿಯಾಗಿ ಅಲ್ಲ:
ಈ ಅಂಚಿಗೊಂದು ಮೈ, ಆ ಅಂಚಿಗೊಂದು ಮೈ,
ಭುಜ, ಸೊಂಟ, ಮಡಚಿದ ಮೊಣಕಾಲು.
ನಡುವಿನ ಹಲಗೆ
ಡಿಪೋದಿಂದ ತಂದ ದಿನದಷ್ಟೇ ಒಣಗಿ, ಹೊಸದಾಗಿ.

ಮೂವತ್ತು ವರ್ಷದಿಂದ ಸೀಟು ಬಿಚ್ಚುತ್ತಿದ್ದೇನೆ.
ಯಾವ ಡ್ರೈವರ್ ಎಡಕ್ಕೆ ವಾಲುತ್ತಾನೆ,
ಯಾರು ಪರ್ಸಿನ ಮೇಲೆ ಕೂರುತ್ತಾರೆ, ಎಲ್ಲಾ ಫೋಮು ಹೇಳುತ್ತದೆ.
ನಾನು ಕೇಳಿಸಿಕೊಂಡು ಹೊಲಿಯುತ್ತೇನೆ.
ಮಾತಾಡುವ ಹಾಗೂ ಇಲ್ಲ, ಬಾಯಲ್ಲಿ ಸೂಜಿ.

ಸೂಜಿ ತೆಗೆದು ಹೇಳಿದೆ:
ಆಕಾಶದ್ದಲ್ಲ ಸಾರ್, ಇದು ನಿಮ್ಮದೇ ನೀರು.
ರಾತ್ರಿಯಿಡೀ ಬಿಟ್ಟ ಉಸಿರು, ಮೈಯ ಹಬೆ,
ಫೋಮಿನೊಳಗೆ ಇಳಿದು ಇಳಿದು
ತಣ್ಣಗಿನ ಹಲಗೆ ಮುಟ್ಟಿದ ಕೂಡಲೇ ಹನಿ.
ಇಡ್ಲಿ ಪಾತ್ರೆ ಮುಚ್ಚಳ ಹನಿಕ್ಕಿತು ಅಂತ
ಯಾರಾದರೂ ಮನೆ ಹೆಂಚು ಬದಲಾಯಿಸುತ್ತಾರಾ?

ಮುಂದಿನ ಸೀಟಿಂದ ಒಂದು ನಗು.
ಕಡಲೆಕಾಯಿ ಸದ್ದು ಅರೆಗಳಿಗೆ ನಿಂತು ಮತ್ತೆ ಶುರುವಾಯಿತು.

ಜಿನದತ್ತರು ಅಭ್ಯಾಸಬಲದಿಂದ ಟೇಪು ಎಳೆದರು,
ಈ ಕಪ್ಪಿನ ಅಂಚಿಂದ ಆ ಕಪ್ಪಿನ ಅಂಚಿಗೆ.
ಅಣ್ಣತಮ್ಮಂದಿರ ಎಷ್ಟು ಬದು ಅಳೆದ ಕೈಯೋ.
"ಹದಿನೆಂಟಿಂಚು" ಅಂದರು, ಗಟ್ಟಿಯಾಗಿ,
ಯಾರೋ ಬರೆದುಕೊಳ್ಳುತ್ತಿದ್ದಾರೆ ಅನ್ನುವ ಹಾಗೆ.
ಆಮೇಲೆ ಅವರಿಗೇ ಕೇಳಿಸಿತು.
ಟೇಪು ಸರಕ್ಕನೆ ಒಳಗೆ ಹೋಯಿತು.

ನಾನು ರೇಟು ಹೇಳಿದೆ.

ಪ್ಲೈವುಡ್ ಕಿತ್ತು ಸಿಲ್ವರ್ ಓಕ್ ಪಟ್ಟಿ ಹೊಡೆದೆ,
ಪಟ್ಟಿಗೂ ಪಟ್ಟಿಗೂ ಎರಡು ಬೆರಳು ಸಂದು.
ಮೇಲೆ ಅರಸೀಕೆರೆ ನಾರಿನ ಚಾಪೆ, ನಮ್ಮಜ್ಜಿಯ ಹುರಿಮಂಚದ
ತಮ್ಮನೆಂದುಕೊಳ್ಳಿ, ಗಾಳಿ ಬಿಡುತ್ತದೆ.
ಪೆಟ್ಟಿಗೆಯ ಪಕ್ಕಕ್ಕೆ ರೂಪಾಯಿಯಗಲ ತೂತು ಎಂಟು.
ಕಿಟಕಿ ಎಷ್ಟೇ ಚಳಿಯಿರಲಿ ಒಂದು ಬೆರಳು ತೆರೆದಿರಲಿ,
ಒದ್ದೆ ಟವೆಲು ಒಳಗೆ ಒಣಹಾಕಬೇಡಿ,
ಬಾಗಿಲು ಹಾಕಿಕೊಂಡು ಕಾಫಿ ಕುದಿಸಬೇಡಿ,
ಬೆಳಿಗ್ಗೆ ಎದ್ದವರು ಹಾಸಿಗೆ ಗೋಡೆಗೆ ಒರಗಿಸಿ.
"ಒಬ್ಬರ ಕೈಲಿ ಆಗುತ್ತಾ?" ಅಂದರು.
ಆಗಲ್ಲ ಅಂದೆ. ನಿಜ ಹೇಳಬೇಕೆಂದರೆ, ಆಗುತ್ತೆ.

ಫೆಬ್ರವರಿಯಲ್ಲಿ ಬಂದರು, ಕರ್ಟನ್ ಕೊಂಡಿ ಹಾಕಿಸಲು.
ಹೇಗಿದೆ ಅಂತ ಹಾಸಿಗೆ ಎತ್ತಿ ನೋಡಿದೆ.
ನಾರು, ಪಟ್ಟಿ, ಸಂದಿನಲ್ಲಿ ಒಂದಿಷ್ಟು ಧೂಳು.
ಕಲೆಯಿಲ್ಲ. ಇಬ್ಬರೂ ಅಂಚಿನಲ್ಲೇ ಇದ್ದಾರೋ,
ನಡುವೆ ಸೇರಿಕೊಂಡರೋ, ಒಬ್ಬರು ಕೆಳಗೆ ಮಲಗುತ್ತಾರೋ,
ಓದುವುದಕ್ಕೆ ಏನೂ ಉಳಿದಿರಲಿಲ್ಲ.
ನಾನೇ ಅಳಿಸಿದ್ದೆ, ಆರೂವರೆ ಸಾವಿರಕ್ಕೆ.

ಈ ಸಲ ವಿಮಲಮ್ಮ ಇಳಿದು ಬಂದರು.
ಹಾಸಿಗೆಯ ಅಡಿಗೆ ಅಂಗೈ ತೂರಿಸಿ, "ಒಣಗಿದೆ" ಅಂದರು,
ಆದರೂ ಕೈಯನ್ನು ಸೆರಗಿಗೆ ಒರೆಸಿಕೊಂಡರು.
ಮತ್ತೆ ಹಾಸಿಗೆಯ ಆ ತುದಿ ಅವರು ಹಿಡಿದರು,
ಈ ತುದಿ ಹಿಡಿಯಲು ನಾನು ಬಗ್ಗುವಷ್ಟರಲ್ಲಿ
"ಬಿಡಿ, ಅವರು ಬರ್ತಾರೆ" ಅಂದರು.